ಖಾಲಿ ಗ್ಯಾಲರಿಯ ಗದ್ದಲ

ತುಮಕೂರು
೧೧ ಜನವರಿ ೨೦೨೧

ರಂಗನಾಥನಿಗೆ ನಿನ್ನ ಮೇಷ್ಟ್ರು ಶ್ರೀಕಂಠಯ್ಯನ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಬರೆಯುವ ಕಾಲ ಇದಲ್ಲ. ಇದ್ದೇವೆ ಎಂದು ತಿಳಿ, ಅಷ್ಟು ಸಾಕು.

ಹನ್ನೊಂದು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ರೈಲ್ವೆ ಗೇಟಿನಲ್ಲಿ ಡ್ಯೂಟಿಯ ಹೊತ್ತು ಫೋನು ಮುಟ್ಟುವ ಹಾಗಿಲ್ಲ, ಗೊತ್ತು. ಆದರೆ ಇಪ್ಪತ್ತನಾಲ್ಕು ಗಂಟೆಯೂ ಡ್ಯೂಟಿ ಮಾಡುವ ಗೇಟ್‌ಮನ್ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ ಎನ್ನುವುದೂ ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಕಟ್ ಮಾಡಲು ಬರುವುದಿಲ್ಲ.

ನಮ್ಮ ಅಂತರಸನಹಳ್ಳಿ ಯಂಗ್‌ಸ್ಟರ್ಸ್ ಕ್ಲಬ್ಬು ಇನ್ನೂ ಉಸಿರಾಡುತ್ತಿದೆ. ಹೆಸರಿಗೆ ಯಂಗ್‌ಸ್ಟರ್ಸ್, ನಮ್ಮ ಸ್ಟಾಪರ್ ಬ್ಯಾಕ್ ಜುಂಜಪ್ಪನಿಗೆ ಮೊನ್ನೆ ನಲವತ್ತೊಂದು ತುಂಬಿತು. ಜಿಲ್ಲಾ ಫುಟ್‌ಬಾಲ್ ಲೀಗಿನ ಬಿ ಡಿವಿಷನ್ ಮತ್ತೆ ಶುರುವಾಗಿದೆ, ಆದರೆ ಕೊರೊನಾ ನಿಯಮ ನೋಡು, ಮೈದಾನಕ್ಕೆ ಪ್ರೇಕ್ಷಕರನ್ನು ಬಿಡುವಂತಿಲ್ಲ. ಎರಡು ಟೀಮು, ಮೂವರು ರೆಫರಿಗಳು, ಹಣೆಗೆ ಪಿಸ್ತೂಲು ಹಿಡಿದು ಜ್ವರ ನೋಡುವವನೊಬ್ಬ. ಮುಗಿಯಿತು ಜಾತ್ರೆ. ನಮ್ಮವರು ಆಡುವುದು ಕಾಲಿನಿಂದಲ್ಲ, ಕಿವಿಯಿಂದ. ಶಿಫ್ಟ್ ಮುಗಿಸಿದ ಫ್ಯಾಕ್ಟರಿಯ ಜನ ಕಾಂಪೌಂಡಿನ ಮೇಲೆ ಕೂತು ಕೂಗಿದರೆ ಓಡುತ್ತಾರೆ, ಇಲ್ಲದಿದ್ದರೆ ವಾಕಿಂಗ್ ಹೋದ ಹಾಗೆ ನಡೆಯುತ್ತಾರೆ. ಮೊನ್ನೆ ನಮ್ಮ ಫಾರ್ವರ್ಡ್ ಗುಂಡಯ್ಯ ಎದುರಾಳಿಯನ್ನು ಮೆಲ್ಲಗೆ ಬೈದದ್ದು ಆ ನಿಶ್ಶಬ್ದದಲ್ಲಿ ರೆಫರಿಗೆ ಅಕ್ಷರ ಅಕ್ಷರವಾಗಿ ಕೇಳಿ ಹಳದಿ ಕಾರ್ಡು ಸಿಕ್ಕಿತು. ನಾನು ಎಂದಿನಂತೆ ಮೈಕಿನಲ್ಲಿ ಕಾಮೆಂಟರಿ ಹೇಳಿದೆ. ಕೇಳಲು ಒಂದು ನಾಯಿ ಇತ್ತು, ಅದೂ ಹಾಫ್‌ಟೈಮಿಗೆ ಎದ್ದು ಹೋಯಿತು. ತಮ್ಮನ ಮಗಳು ಅನನ್ಯ ಫೋನಿನಲ್ಲಿ ಲೈವ್ ಬಿಡುತ್ತಾಳೆ. ನಲವತ್ತಮೂರು ಜನ ನೋಡಿದರಂತೆ, ಅದರಲ್ಲಿ ಹದಿನಾಲ್ಕು ಮಂದಿ ನಮ್ಮ ನೆಂಟರು.

ಈಗ ವಿಷಯ. ಗೋಲು ಕಾಯುವ ನಮ್ಮ ಗೋಲಿ ಶಿವಮೂರ್ತಿಗೆ ಪಾಸಿಟಿವ್ ಬಂದು ಮಲಗಿದ್ದಾನೆ. ಇನ್ನೊಬ್ಬ ಗೋಲಿ ಬೆರಳು ಮುರಿದುಕೊಂಡ. ಎರಡು ಮ್ಯಾಚು ಉಳಿದಿವೆ, ನಾಲ್ಕು ಪಾಯಿಂಟು ಬಾರದಿದ್ದರೆ ಸಿ ಡಿವಿಷನ್ನಿಗೆ ಬೀಳುತ್ತೇವೆ. ಈ ಕ್ಲಬ್ಬು ಕಂಡ ಒಳ್ಳೆಯ ಗೋಲಿ ನೀನೊಬ್ಬನೇ. ನಾಲ್ಕು ವರ್ಷದ ಹಿಂದಿನ ಕುಣಿಗಲ್ ಫೈನಲ್ ಆದ ಮೇಲೆ ನೀನು ಗ್ಲವ್ಸ್ ಮುಟ್ಟಿಲ್ಲ. ಅವತ್ತು ಆ ಜನ ಆಡಿದ ಮಾತು ನನಗೆ ಮರೆತಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಆದರೆ ಈಗ ಆ ಊರೇ ಮೈದಾನದ ಆಚೆ ನಿಂತಿದೆಯಲ್ಲ ಮಾರಾಯ. ನಿನ್ನನ್ನು ನೋಡಲು ಯಾರೂ ಇರುವುದಿಲ್ಲ. ಬಂದು ನಿಂತುಕೋ.

ಉತ್ತರಕ್ಕೆ ಕಾಯುವ,
ಶ್ರೀಕಂಠಯ್ಯ

•

ನಿಟ್ಟೂರು
೧೭ ಜನವರಿ ೨೦೨೧

ಮೇಷ್ಟ್ರಿಗೆ ನಮಸ್ಕಾರ.

ಕಾಗದ ತಲುಪಿತು. ಎರಡು ದಿನ ಗೇಟಿನ ಮನೆಯ ಮೊಳೆಗೆ ಸಿಕ್ಕಿಸಿಟ್ಟಿದ್ದೆ. ಕೋಮಲಾ ಓದಿ, "ಹೋಗ್ಬನ್ನಿ, ನಾನು ಮದ್ವೆ ಆದಾಗಿಂದ ನೀವು ಆಡಿದ್ದನ್ನ ನೋಡೇ ಇಲ್ವಲ್ಲ" ಎಂದಳು. ನನ್ನ ಹೆಂಡತಿಗೆ ನಾನು ಗೋಲಿ ಎನ್ನುವುದು ಬೇರೆಯವರು ಹೇಳಿ ಗೊತ್ತು. ಅವರು ಅದರ ಜೊತೆಗೆ ಇನ್ನೇನು ಹೇಳಿದ್ದಾರೋ ನಾನು ಕೇಳಿಲ್ಲ.

ಆ ಫೈನಲ್ಲಿನಲ್ಲಿ ಬಾಲ್ ಉರುಳಿಕೊಂಡು ಬಂತು ಸಾರ್. ಎಳೆ ಮಗುವೂ ಹಿಡಿಯುವ ಬಾಲು. ಎಂಬತ್ತೆಂಟನೇ ನಿಮಿಷ. ಕಾಲ ಸಂದಿಯಲ್ಲಿ ಹೋಯಿತು. ಅದು ನನ್ನ ತಪ್ಪು, ಅದನ್ನು ಯಾವತ್ತೂ ಇಲ್ಲ ಎಂದವನಲ್ಲ. ಆದರೆ ಆಮೇಲೆ ಇಡೀ ಗ್ಯಾಲರಿ ಕೂಗಿತಲ್ಲ, ದಾಸಯ್ಯನ ಮಗ, ಅಪ್ಪನ ಹಾಗೆ ಕುಡಿದು ಬಂದಿದ್ದಾನೆ ಎಂದು. ನಾನು ಈ ವಯಸ್ಸಿಗೂ ಒಂದು ತೊಟ್ಟು ಕುಡಿದಿಲ್ಲ. ಕುಣಿಗಲ್ಲಿನವರಿಗೆ ನಮ್ಮಪ್ಪನ ಹೆಸರು ಹೇಗೆ ಗೊತ್ತು? ಅಪ್ಪ ಕುಡಿಯುವುದು ನಮ್ಮ ಟೀಮಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ನೀವು. ಇನ್ನೊಬ್ಬ ರವಿಕಿರಣ್. ಅವನು ಲೆಫ್ಟ್ ಬ್ಯಾಕ್, ಗ್ಯಾಲರಿಯ ಪಕ್ಕದಲ್ಲೇ ಆಡುತ್ತಿದ್ದವನು.

ಆ ಮಾತು ಕುಣಿಗಲ್ಲಿನಲ್ಲಿ ನಿಲ್ಲಲಿಲ್ಲ. ಗುಬ್ಬಿಗೆ ಬಂತು, ಇಲ್ಲಿಗೂ ಬಂತು. ಈಗಲೂ ಸ್ಟೇಷನ್ನಿನಲ್ಲಿ ಹೊಸ ಸಾಹೇಬರು ಬಂದರೆ ಮೊದಲು ನನ್ನ ಬಾಯಿಯ ಹತ್ತಿರ ಮೂಗು ತರುತ್ತಾರೆ.

ಬರುತ್ತೇನೆ. ಜನ ಇರಬಾರದು. ಲೈವ್ ಇರಲಿ, ಫೋನಿನೊಳಗಿನವರು ಕೂಗಿದರೆ ನನಗೆ ಕೇಳುವುದಿಲ್ಲ. ಆದರೆ ರವಿಕಿರಣ್ ಆಡುವುದಾದರೆ ನಾನು ಬರುವುದಿಲ್ಲ.

ನಿಮ್ಮ
ರಂಗನಾಥ್

•

ತುಮಕೂರು
೨೨ ಜನವರಿ ೨೦೨೧

ರಂಗನಾಥ,

ನಿನ್ನ ಕಾಗದ ಓದಿ ನಮ್ಮ ಮನೆಯಾಕೆ ಕೌಸಲ್ಯಗೆ ಹೇಳಿದೆ, ಹುಡುಗ ಬರುತ್ತಾನೆ ಕಣೇ ಎಂದು. ನಿನಗೀಗ ಮೂವತ್ತೆರಡಾದರೂ ಅವಳಿಗೆ ನೀನು ನಮ್ಮ ಮನೆಯ ಜಗುಲಿಯಲ್ಲಿ ಗ್ಲವ್ಸ್ ಒಣಗಿಸುತ್ತಿದ್ದ ಹುಡುಗನೇ.

ರವಿಕಿರಣನ ವಿಷಯ ಬಗೆಹರಿಸಿದ್ದೇನೆ. ಹನ್ನೊಂದರಲ್ಲಿ ಅವನಿಲ್ಲ. ನಿಯಮದ ಲೆಕ್ಕಕ್ಕೆ ಬೆಂಚಿನಲ್ಲಿ ಕೂರುತ್ತಾನೆ, ಮಾಸ್ಕ್ ಹಾಕಿಕೊಂಡು, ನಿನ್ನಿಂದ ನೂರು ಗಜ ದೂರ. ಯಾಕೆ ಸಾರ್ ಎಂದು ಕೇಳಿದ. ನಿನ್ನ ಮೊಣಕಾಲು ಸರಿಯಿಲ್ಲವಲ್ಲಪ್ಪ ಎಂದೆ. "ನನ್ ಮೊಣಕಾಲಿಗೆ ಏನಾಗದೆ ಸಾರ್?" ಎಂದ. ಅವನು ಹೆಚ್ಚು ಮಾತಿನವನಲ್ಲ, ನಿನಗೇ ಗೊತ್ತು.

ಫೈನಲ್ಲಿನ ದಿನದ ಮಾತು ಬಿಡು. ಯಾರು ಅಂದರು, ಯಾಕೆ ಅಂದರು ಎಂದು ಕೆದಕಿದರೆ ಗಾಯ ದೊಡ್ಡದಾಗುತ್ತದೆಯೇ ಹೊರತು ಮಾಯುವುದಿಲ್ಲ. ಜನ ಅಂದಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ನೀನು ಬಾಲ್ ನೋಡು.

೩೧ನೇ ತಾರೀಖು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮ್ಯಾಚು. ಊಟ ನಮ್ಮ ಮನೆಯಲ್ಲಿ.

ಶ್ರೀಕಂಠಯ್ಯ

•

ನಿಟ್ಟೂರು
೨ ಫೆಬ್ರವರಿ ೨೦೨೧

ಮೇಷ್ಟ್ರೇ,

ನಾನು ಉದ್ದ ಕಾಗದ ಬರೆಯುವವನಲ್ಲ. ಇವತ್ತು ಬರೆಯಬೇಕು ಅನ್ನಿಸಿದೆ. ಎರಡು ಗೂಡ್ಸ್ ರೈಲಿನ ನಡುವೆ ಮುಕ್ಕಾಲು ಗಂಟೆ ಬಿಡುವಿದೆ.

ಸೊನ್ನೆ ಸೊನ್ನೆ ಡ್ರಾ. ನಿಮಗೆ ಒಂದು ಪಾಯಿಂಟು. ನನಗೆ ಎಷ್ಟು ಅಂತ ಹೇಳಲಾರೆ. ನಮ್ಮವರೆಲ್ಲ ನಿಶ್ಶಬ್ದ ನಿಶ್ಶಬ್ದ ಎಂದು ಗೊಣಗಿದರು, ಆದರೆ ಗೋಲಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಸಾರ್. ಬಾಲನ್ನು ಯಾವ ಕಾಲಿನಿಂದ ಒದ್ದರು ಎಂದು ಶಬ್ದದಲ್ಲೇ ತಿಳಿಯುತ್ತಿತ್ತು. ಹಿಂದೆಲ್ಲ ನಾನು ಗಂಟಲು ಹರಿದುಕೊಂಡರೂ ಜುಂಜಪ್ಪಣ್ಣನಿಗೆ ಕೇಳುತ್ತಿರಲಿಲ್ಲ. ಮೊನ್ನೆ ಮನೆಯೊಳಗೆ ಮಾತಾಡುವ ಹಾಗೆ "ಅಣ್ಣ, ಎಡಕ್ಕೆ" ಎಂದೆ, ಎಡಕ್ಕೆ ಹೋದರು. "ಬುಡಣ್ಣ, ನಂದು" ಎಂದೆ, ಬಿಟ್ಟರು. ತೊಂಬತ್ತು ನಿಮಿಷ ನನ್ನ ಮಾತಿನ ಮೇಲೆ ಹತ್ತು ಜನ ನಡೆದರು. ನನ್ನ ಮಾತನ್ನು ಯಾರಾದರೂ ನಂಬಿ ಎಷ್ಟು ಕಾಲವಾಗಿತ್ತು ಎಂದು ಆಗ ಹೊಳೆಯಿತು. ಗೋಲಿನಲ್ಲಿ ನಿಂತೇ ಕಣ್ಣಲ್ಲಿ ನೀರು ಬಂತು. ಬೆವರು ಎಂದುಕೊಂಡು ಒರೆಸಿದೆ.

ಕೋಮಲಾ ಅವಳ ಅಣ್ಣನ ಫೋನಿನಲ್ಲಿ ನೋಡಿದಳಂತೆ. ಮನೆಗೆ ಹೋದರೆ ಬಾಗಿಲಲ್ಲೇ, "ಏನ್ರೀ, ಅಷ್ಟ್ ಎತ್ರ ಹಾರ್ತೀರಾ, ಅಟ್ಟದ ಮೇಲಿನ ಪಾತ್ರೆ ಇಳ್ಸಿ ಅಂದ್ರೆ ಸ್ಟೂಲ್ ಕೇಳ್ತೀರಾ" ಎಂದಳು.

ಒಂದು ಹೇಳಬೇಕು. ರವಿಕಿರಣ್ ಬೆಂಚಿನಿಂದ ಒಂದು ಸಲ ಚಪ್ಪಾಳೆ ತಟ್ಟಿದ. ಆ ಕಾರ್ನರ್ ಬಾಲನ್ನು ಹಿಡಿದಾಗ. ಇಡೀ ಮೈದಾನದಲ್ಲಿ ಒಂದೇ ಚಪ್ಪಾಳೆ. ನಾನು ಆ ಕಡೆ ತಿರುಗಲಿಲ್ಲ. ಸರಿಯಾಗಿಯೇ ಮಾಡಿದೆ ಅಲ್ಲವೇ? ನೀವೇ ಹೇಳಿ.

ರಂಗನಾಥ್

•

ತುಮಕೂರು
೬ ಫೆಬ್ರವರಿ ೨೦೨೧

ಪ್ರಿಯ ರಂಗನಾಥ,

ಭಲೆ! ಇನ್ನೊಂದು ಮ್ಯಾಚು ಗೆದ್ದರೆ ನಾಲ್ಕು ಪಾಯಿಂಟು, ಬಿ ಡಿವಿಷನ್ ಭದ್ರ. ೧೪ನೇ ತಾರೀಖು, ಕುಣಿಗಲ್ ಟೀಮಿನ ಮೇಲೆ. ಮುಖ ಸಿಂಡರಿಸಬೇಡ. ಲೀಗಿನವರು ಚೀಟಿ ಎತ್ತಿದ್ದು, ನಾನಲ್ಲ. ಮ್ಯಾಚು ನಮ್ಮ ಮೈದಾನದಲ್ಲೇ.

ನಿನಗೆ ನಿಶ್ಶಬ್ದ ಹಿತವಾಯಿತು, ಒಪ್ಪಿದೆ. ಆದರೆ ಗೋಲು ಹೊಡೆಯಬೇಕಾದವರಿಗೆ ಆಗುತ್ತಿಲ್ಲವಲ್ಲ. "ಸಾರ್, ಸಾವಿನ ಮನೇಲಿ ಆಡ್ದಂಗೆ ಆಯ್ತದೆ" ಎಂದು ಗುಂಡಯ್ಯ ಅಳುತ್ತಾನೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ಟಿ.ವಿ.ಯಲ್ಲಿ ದೊಡ್ಡ ಕ್ಲಬ್ಬುಗಳು ಖಾಲಿ ಸ್ಟೇಡಿಯಮ್ಮಿನಲ್ಲಿ ಜನರ ಶಬ್ದ ಹಾಕುತ್ತಾರೆ ನೋಡು, ಹಾಗೆ. ಅವರಿಗೆ ಅದಕ್ಕೆ ಮಿಷನ್ನು ಇದೆ. ನಮಗೆ ಮೈಕ್ ಸೆಟ್ ರಂಗಣ್ಣ ಇದ್ದಾನೆ. ಮದುವೆ, ಆರ್ಕೆಸ್ಟ್ರಾ ಎಲ್ಲ ನಿಂತು ಅವನ ಸ್ಪೀಕರುಗಳ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಕಟ್ಟುತ್ತೇನೆ ಎಂದಿದ್ದಾನೆ.

ಶಬ್ದಕ್ಕೂ ಕೊರತೆಯಿಲ್ಲ. ಹಿಂದೆ ಮ್ಯಾಚುಗಳಿಗೆ ಹೋದಾಗ ನೆನಪಿಗೆಂದು ಜೇಬಿನಲ್ಲಿ ಫೋನಿಟ್ಟು ರೆಕಾರ್ಡ್ ಮಾಡುತ್ತಿದ್ದೆ. ಒಂದು ಮೆಮೊರಿ ಕಾರ್ಡಿನ ತುಂಬ ಇವೆ, ಒಂದನ್ನೂ ತಿರುಗಿ ಕೇಳಿಲ್ಲ. ಕಾರ್ಡನ್ನೇ ರಂಗಣ್ಣನ ಕೈಗೆ ಕೊಟ್ಟೆ. "ಯಾವ್ದು ಹಾಕ್ಲಿ ಸಾರ್?" ಎಂದ. ಯಾವುದರಲ್ಲಿ ಗದ್ದಲ ಜಾಸ್ತಿಯೋ ಅದನ್ನೇ ಹಾಕಪ್ಪ ಎಂದೆ. ಈ ಜನಕ್ಕೆ ಬಾಯಿ ಉಂಟು, ಕಣ್ಣಿಲ್ಲ. ನೀನು ಹೆದರಬೇಕಾದ್ದಿಲ್ಲ.

ಚಪ್ಪಾಳೆಯ ವಿಷಯ ಕೇಳಿದ್ದೀಯ. ತಿರುಗಿ ನೋಡದಿದ್ದರೆ ಒಳ್ಳೆಯದೇ ಆಯಿತು. ಹಳೆಯದನ್ನು ಮತ್ತೆ ಯಾಕೆ ಎಳೆಯಬೇಕು?

ಶ್ರೀಕಂಠಯ್ಯ

•

ತುಮಕೂರು
೧೬ ಫೆಬ್ರವರಿ ೨೦೨೧

ರಂಗನಾಥ,

ಇದೇನಪ್ಪ ನೀನು ಮಾಡಿದ್ದು? ಒಂದು-ಸೊನ್ನೆಯಿಂದ ಮುಂದಿದ್ದೆವು. ಎಪ್ಪತ್ತು ನಿಮಿಷ ಕಳೆದಿತ್ತು. ಬಾಲ್ ಆಚೆ ಕಡೆ ಇತ್ತು. ನೀನು ಗ್ಲವ್ಸ್ ಬಿಚ್ಚಿ ಕಂಬದ ಬುಡದಲ್ಲಿಟ್ಟು, ಗೇಟು ದಾಟಿ ಹೊರಟೇ ಹೋದೆ. ಹೊಟ್ಟೆನೋವೇನೋ ಎಂದು ನಾನು ಮೈಕಿನಲ್ಲಿ ಎರಡು ಸಲ ಕರೆದೆ. ರವಿಕಿರಣ್ ಬೆಂಚಿನಿಂದ ಓಡಿ ಹೋಗಿ ರಂಗಣ್ಣನ ಆಂಪ್ಲಿಫೈಯರಿನ ವೈರನ್ನು ಕಿತ್ತು ಬಿಸಾಡಿದ. ಅವನಿಗೇನು ಕೋಪವೋ ನನಗೆ ತಿಳಿಯದು. ಜುಂಜಪ್ಪನಿಗೆ ಗ್ಲವ್ಸ್ ಹಾಕಿ ನಿಲ್ಲಿಸಿದೆವು. ಮೂರು ಗೋಲು ಬಿತ್ತು. ಸಿ ಡಿವಿಷನ್ನಿಗೆ ಇಳಿದೆವು.

ಸ್ಪೀಕರಿನಲ್ಲಿ ಏನೋ ಕೇಳಿಸಿತು ಎಂದು ಹುಡುಗರು ಮಾತಾಡಿಕೊಳ್ಳುತ್ತಾರೆ. ನನಗೆ ಕಿವಿ ಮಂದ, ಪೆಟ್ಟಿಗೆ ಬೇರೆ ದೂರವಿತ್ತು. ಅಷ್ಟು ಜನ ಕೂಗುವಾಗ ಯಾರೋ ಏನೋ ಅಂದಿರಬಹುದು. ಹಳೆಯ ರೆಕಾರ್ಡು. ಅದಕ್ಕೆಲ್ಲ ಮನಸ್ಸು ಕೆಡಿಸಿಕೊಂಡರೆ ಹೇಗೆ?

ಫೋನಾದರೂ ಎತ್ತು.

ಶ್ರೀಕಂಠಯ್ಯ

•

ತುಮಕೂರು
೨೫ ಫೆಬ್ರವರಿ ೨೦೨೧

ರಂಗನಾಥ,

ಉತ್ತರ ಬರಲಿಲ್ಲ. ನಿನ್ನೆ ನಿಟ್ಟೂರಿನವರೆಗೆ ಬಸ್ಸಿನಲ್ಲಿ ಬಂದಿದ್ದೆ. ಗೇಟು ಹಾಕಿತ್ತು. ನೀನು ಹಸಿರು ಬಾವುಟ ಹಿಡಿದು ನಿಂತಿದ್ದೆ. ಮೊಪೆಡ್‌ನವರ ಹಿಂದೆ ನಿಂತು ನೋಡಿದೆ. ರೈಲು ಹೋದ ಮೇಲೆ ನೀನು ಗೇಟು ಎತ್ತಿದೆ, ಎಲ್ಲರೂ ದಾಟಿದರು. ನಾನು ದಾಟಲಿಲ್ಲ, ಅದೇ ಬಸ್ಸಿಗೆ ವಾಪಸು ಬಂದೆ. ಬಿಸಿಲು ಜಾಸ್ತಿಯಿತ್ತು.

ಶ್ರೀ.

•

ನಿಟ್ಟೂರು
೩ ಮಾರ್ಚ್ ೨೦೨೧

ಮೇಷ್ಟ್ರೇ,

ನೀವು ಬಂದಿದ್ದನ್ನು ನೋಡಿದೆ. ಗೇಟ್‌ಮನ್ನು ಗೇಟಿನ ಎರಡೂ ಕಡೆ ನೋಡಲೇಬೇಕು, ಅದೇ ನಮ್ಮ ಕೆಲಸ.

ಏನು ಕೇಳಿಸಿತು ಎಂದು ನಾನೇ ಹೇಳುತ್ತೇನೆ. ಮೊದಲರ್ಧ ಬರೀ ಗದ್ದಲ. ಎರಡನೇ ಅರ್ಧದಲ್ಲಿ ಯಾರೋ ಪೀಪಿ ಊದಿದರು. ಮೂರು ಸಲ ಊದಿ ನಿಲ್ಲಿಸುವುದು, ಮತ್ತೆ ಮೂರು ಸಲ. ಆ ಪೀಪಿ ನನಗೆ ಗೊತ್ತು. ಕುಣಿಗಲ್ ಫೈನಲ್ಲಿನಲ್ಲಿ ನನ್ನ ಗೋಲಿನ ಹಿಂದೆ ಇಡೀ ಮ್ಯಾಚು ಅದನ್ನು ಊದುತ್ತಿದ್ದರು. ರಂಗಣ್ಣ ಹುಡುಕಿ ಹುಡುಕಿ ಅದನ್ನೇ ಹಾಕಿದ್ದ. ನೀವು ಹೇಳಿದ ಹಾಗೆಯೇ ಮಾಡಿದ್ದಾನೆ, ಅದರಷ್ಟು ಗದ್ದಲ ಬೇರೆ ಯಾವುದರಲ್ಲಿ ಇದ್ದೀತು?

ಮುಂದೆ ಏನು ಬರುತ್ತದೆಂದು ಗೊತ್ತಿದ್ದೂ ನಿಂತಿದ್ದೆ. ಓಡಬಾರದು, ಶಬ್ದ ಮಾತ್ರ ಅಲ್ಲವೇ ಎಂದುಕೊಂಡೆ. ಬಾಲ್ ಒಳಗೆ ಹೋದಾಗಿನ ಆ ಹೋ ಎನ್ನುವುದು ಬಂತು. ಆಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲಿ ಒಂದೇ ಒಂದು ಗಂಟಲು, ಫೋನಿನ ಪಕ್ಕದಲ್ಲೇ: "ದಾಸಯ್ಯನ ಮಗ ಅಲ್ವೇನ್ರೀ, ಅಪ್ಪನ ಹಂಗೇ ಕುಡ್ಕೊಂಡ್ ಬಂದವ್ನೆ! ಅವ್ರ ಹಣೇಬರಾನೇ ಇಷ್ಟು!" ಅದರ ಹಿಂದೆ ಎಲ್ಲರೂ ಹಿಡಿದುಕೊಂಡರು.

ಹತ್ತನೇ ವಯಸ್ಸಿನಿಂದ ನನಗೆ "ಏಳೋ, ಬಾಲ್ ನೋಡೋ" ಎಂದು ಹೇಳಿದ ಗಂಟಲು ಅದು. ಸ್ಪೀಕರ್ ನಾಲ್ಕು ಮೂಲೆಗಿದ್ದವು. ಯಾವ ಕಡೆ ತಿರುಗಿದರೂ ನೀವೇ ಇದ್ದಿರಿ.

ನನಗೆ ನಿಮ್ಮ ಮೇಲಿನ ಕೋಪಕ್ಕಿಂತ ನನ್ನ ಮೇಲಿನ ಹೇಸಿಗೆ ಜಾಸ್ತಿಯಾಗಿದೆ. ಎರಡು ಸಾವಿರದ ಹದಿನೆಂಟರಲ್ಲಿ ಅಪ್ಪ ಸತ್ತಾಗ ರವಿಕಿರಣ್ ಬಂದ. ಚಟ್ಟಕ್ಕೆ ಹೆಗಲು ಕೊಡಲು ಮುಂದೆ ಬಂದವನ ಕೈಯನ್ನು ನಾನು ಎಲ್ಲರೆದುರಿಗೆ ತಳ್ಳಿದೆ. "ನಮ್ಮಪ್ಪನ್ನ ಬೀದಿಗೆ ತಂದೋನು, ಮುಟ್ಟಬೇಡ" ಎಂದೆ. ಅವನು ತಲೆ ತಗ್ಗಿಸಿಕೊಂಡು ಹೋದ. ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ ಕೈಯಲ್ಲಿ ಹಿಡಿದುಕೊಂಡು ಹೋದ. ಆಗ ನೀವು ನನ್ನ ಪಕ್ಕದಲ್ಲಿ ನಿಂತಿದ್ದಿರಿ. ನನ್ನ ಭುಜ ಹಿಡಿದುಕೊಂಡಿದ್ದಿರಿ ಮೇಷ್ಟ್ರೇ. ಒಂದು ಮಾತು ಆಡಲಿಲ್ಲ.

ಬೇರೆಯವರ ಅಪ್ಪಂದಿರೂ ಕುಡಿಯುತ್ತಿದ್ದರು. ಅವರ ಮಕ್ಕಳ ಕೈಯಿಂದ ಬಾಲ್ ಜಾರಿದರೆ ಬಾಲ್ ಜಾರಿತು ಅನ್ನುತ್ತಾರೆ.

ಈಗ ನಾನು ಗೂಳೂರಿಗೆ, ರವಿಕಿರಣನ ಅಂಗಡಿಗೆ ಹೋಗಬೇಕು. ಹೋಗಿ ಏನು ಹೇಳಲಿ? ಇಷ್ಟು ವರ್ಷ ಎಲ್ಲವನ್ನೂ ಹೇಳಿಕೊಟ್ಟಿದ್ದೀರಿ. ಇದನ್ನೂ ಹೇಳಿಕೊಡಿ.

ರಂಗನಾಥ್

•

ತುಮಕೂರು
೧೨ ಮಾರ್ಚ್ ೨೦೨೧

ರಂಗನಾಥ,

ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ.

ಅದು ನನ್ನ ಗಂಟಲೇ. ಗೋಲು ಬಿದ್ದಾಗ ಕುಣಿಗಲ್ಲಿನ ದೊಡ್ಡ ಮನುಷ್ಯರು ನನ್ನ ಸುತ್ತ ಕೂತಿದ್ದರು. ನಿನ್ನನ್ನು ಗೋಲಿಗೆ ಹಾಕಬೇಡಿ ಎಂದು ನಮ್ಮ ಕಮಿಟಿಯಲ್ಲಿ ಮೂವರು ಹೇಳಿದ್ದರೂ ಹಟ ಹಿಡಿದು ಹಾಕಿದವನು ನಾನು. ಒಬ್ಬರು ನನ್ನ ಕಡೆ ತಿರುಗಿ, "ಏನ್ ಮೇಷ್ಟ್ರೇ, ಇವ್ನೇನಾ ನೀವ್ ಹೊಗಳ್ತಿದ್ದ ಗೋಲಿ?" ಎಂದು ನಕ್ಕರು. ನನಗೆ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ತಪ್ಪು ನನ್ನ ಆಯ್ಕೆಯದಲ್ಲ, ನಿನ್ನದು ಎಂದು ತೋರಿಸಬೇಕಿತ್ತು. ಬಾಯಿಗೆ ಸುಲಭವಾಗಿ ಸಿಕ್ಕಿದ್ದು ನಿನ್ನ ಅಪ್ಪ. ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಅನುಮಾನ ಬಂದಿತ್ತು ಎಂದು ಕಾಣುತ್ತದೆ, ಅಂಥ ಬಾಲನ್ನು ನೀನು ಬಿಡುವವನಲ್ಲವಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಒಬ್ಬನಿಗೆ ಹೇಳಿದ್ದು, ಎರಡು ಸಾವಿರ ಜನ ಎತ್ತಿಕೊಂಡರು. ಆಮೇಲೆ ನಾನೂ ನಿಂತು "ಹಾಗೆಲ್ಲ ಅನ್ನಬೇಡಿ" ಎಂದೆ. ನೀನು ನೋಡಿದ್ದು ಅದನ್ನು ಮಾತ್ರ.

ನಿನ್ನ ಅಪ್ಪ ಸತ್ತ ದಿನ ನಿನ್ನ ಮನೆಯ ಮುಂದೆ ನಾನು ಬಾಯಿ ಬಿಡಬೇಕಿತ್ತು. ನಿನ್ನ ಭುಜ ನನ್ನ ಅಂಗೈಯಲ್ಲಿತ್ತು. ಹೇಳಿದರೆ ಆ ಭುಜ ನನ್ನ ಕೈಯಿಂದ ಜಾರುತ್ತದೆ ಎಂದು ಸುಮ್ಮನಿದ್ದೆ.

ನೀನು ಹೋಗುವ ಮೊದಲು ನಾನೇ ಗೂಳೂರಿಗೆ ಹೋದೆ. ರವಿಕಿರಣ್ ಒಂದು ಬೈಕಿನ ಚೈನ್ ಬಿಗಿ ಮಾಡುತ್ತಿದ್ದ. ಎಲ್ಲ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಡದೆ, "ಗೊತ್ತು ಸಾರ್" ಎಂದ.

"ಯಾವಾಗಿಂದ?"

"ಅವತ್ತಿಂದ್ಲೇ. ನಾನ್ ಲೈನ್ ಪಕ್ಕಾನೇ ಇದ್ನಲ್ಲ, ನೀವು ಕೂಗಿದ್ದು ಕೇಳಿಸ್ತು."

ಮತ್ತೆ ರಂಗನಾಥನಿಗೆ ಯಾಕೆ ಹೇಳಲಿಲ್ಲ ಎಂದೆ. ಅವನು ಚೈನನ್ನು ತಿರುಗಿಸುತ್ತಲೇ ಹೇಳಿದ. "ಅವ್ನಿಗೆ ಯಾರಿದ್ರು ಸಾರ್? ಅಮ್ಮ ಮೊದ್ಲೇ ಇರ್ಲಿಲ್ಲ. ಅಪ್ಪ ಹಂಗೆ. ಇದ್ದಿದ್ದು ನಾನು, ನೀವು. ನಮ್ಮಿಬ್ರಲ್ಲಿ ಒಬ್ರು ಹೋಗ್ಲೇಬೇಕು ಅಂದ್ರೆ ನಾನೇ ಹೋಗ್ತೀನಿ ಅನ್ಕೊಂಡೆ. ಮೇಷ್ಟ್ರು ಒಬ್ರಾದ್ರೂ ಇರ್ಲಿ ಅಂತ." ವೈರ್ ಕಿತ್ತದ್ದೂ ಅದಕ್ಕೇ. ಪೀಪಿ ಕೇಳಿದ ಕೂಡಲೇ ಅವನಿಗೂ ಗೊತ್ತಾಯಿತಂತೆ, ಆದರೆ ರಂಗಣ್ಣನ ಪೆಟ್ಟಿಗೆ ಮೈದಾನದ ಆಚೆ ಮೂಲೆಯಲ್ಲಿತ್ತು, ತಲುಪುವುದು ತಡವಾಯಿತು.

ಅಂಥವನ ಮೊಣಕಾಲು ಸರಿಯಿಲ್ಲ ಎಂದು ಸುಳ್ಳು ಹೇಳಿ ಬೆಂಚಿನಲ್ಲಿ ಕೂರಿಸಿದೆ ನಾನು.

ಕೌಸಲ್ಯಗೆ ಹೇಳಿದೆ. ಒಲೆ ಆರಿಸಿ ಒಳಗೆ ಹೋದಳು. ಮೂರು ದಿನದಿಂದ ತಟ್ಟೆ ಇಟ್ಟು ಹೋಗುತ್ತಾಳೆ, ಬಡಿಸುವುದಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಕೆಲಸ ಬಿಟ್ಟಿದ್ದೇನೆ. ನಿನ್ನ ಹೆಸರನ್ನು ಹಾಳು ಮಾಡಿದ್ದು ಎರಡು ಸಾವಿರ ಜನರ ಮುಂದೆ, ಅದನ್ನು ಸರಿ ಮಾಡುವುದೂ ಹಾಗೆಯೇ ಆಗಬೇಕು ಎಂದು ನಿನ್ನೆ ಸಂಜೆ ಮೈದಾನಕ್ಕೆ ಹೋದೆ. ರಂಗಣ್ಣನ ಮೈಕ್ ಅಲ್ಲೇ ಇತ್ತು. ಕೈಯಲ್ಲಿ ಹಿಡಿದೆ. ಕೇಳಲು ಒಬ್ಬ ನರಪಿಳ್ಳೆಯೂ ಇರಲಿಲ್ಲ. ಖಾಲಿ ಮೈದಾನಕ್ಕೆ ಹೇಳಿದರೆ ಅದು ನನಗೆ ನಾನೇ ಹೇಳಿಕೊಂಡ ಹಾಗೆ. ಅಷ್ಟನ್ನು ನಾಲ್ಕು ವರ್ಷದಿಂದ ಮಾಡಿಕೊಂಡೇ ಬಂದಿದ್ದೇನೆ. ಮೈಕ್ ಇಟ್ಟು ಬಂದೆ.

ರವಿಕಿರಣನಿಗೆ ಏನು ಹೇಳಬೇಕೆಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ ಕಣಪ್ಪ.

ಶ್ರೀಕಂಠಯ್ಯ

•

ನಿಟ್ಟೂರು
೨೯ ಮಾರ್ಚ್ ೨೦೨೧

ಮೇಷ್ಟ್ರೇ,

ಗೂಳೂರಿಗೆ ಹೋಗಿದ್ದೆ. ಅಂಗಡಿಯ ಎದುರಿನ ಟೀ ಹೋಟೆಲಿನಲ್ಲಿ ಎರಡು ಟೀ ಕುಡಿಯುವವರೆಗೂ ರಸ್ತೆ ದಾಟಲಾಗಲಿಲ್ಲ. ಕೊನೆಗೆ ಅವನೇ ಕೂಗಿದ. "ಅಲ್ಲೇ ಎಷ್ಟ್ ಟೀ ಕುಡೀತೀಯಲಾ, ಬಾ ಇಲ್ಲಿ, ಈ ಟೈರ್ ಹಿಡ್ಕೊ." ಟೈರ್ ಹಿಡಿದುಕೊಂಡೆ. ಏನೋ ಹೇಳಲು ಹೋದೆ. ಅತ್ತೆ. ಅವನು ಟ್ಯೂಬಿಗೆ ಗಾಳಿ ಹಾಕುತ್ತಲೇ ಇದ್ದ. "ಹೆಗಲು ಕೊಡಕ್ ಬುಡ್ಲಿಲ್ವಲ್ಲೋ, ಅದೊಂದು ಉಳ್ಕೊಬುಡ್ತು" ಎಂದ. ಬೇರೆ ಯಾವುದನ್ನೂ ಎತ್ತಲಿಲ್ಲ. ಆದರೆ ಅದನ್ನು ನಾನು ಹೇಗೆ ತಿದ್ದಲಿ? ಅಪ್ಪ ಇನ್ನೊಂದು ಸಲ ಸಾಯುವುದಿಲ್ಲ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಒಂದು ಕಡೆ ಪ್ರತಿ ಸಲವೂ ಎಡವಿದೆ. ಆ ಗಳಿಗೆಯಲ್ಲಿ ಅನುಮಾನ ಬಂದಿತ್ತು ಎಂದು ಬರೆದಿದ್ದೀರಿ. ಅವತ್ತು ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಮನೆಗೆ ಬಂದವನು ನಾನು. ಅಮ್ಮನವರು ತಟ್ಟೆ ಇಡ್ಲಿ ಕೊಟ್ಟರು. ನಿಮ್ಮ ಸ್ಕೂಟರಿನ ಹಿಂದೆ ಕೂತು ಕುಣಿಗಲ್ಲಿಗೆ ಬಂದೆ. ಮ್ಯಾಚು ಶುರುವಾಗುವವರೆಗೂ ನಿಮ್ಮ ಪಕ್ಕ ಬಿಟ್ಟು ಕದಲಲಿಲ್ಲ. ನೀವೇ ನನ್ನ ಬೂಟಿನ ಲೇಸ್ ಕಟ್ಟಿದಿರಿ. ಅನುಮಾನ ಎಲ್ಲಿಂದ ಬಂತು ಮೇಷ್ಟ್ರೇ?

ಅಷ್ಟನ್ನು ಸರಿ ಮಾಡಿಕೊಂಡು ಹೇಳಿ. ನನ್ನ ಕಿವಿಗಲ್ಲ, ಅದು ನನಗೆ ಗೊತ್ತಿರುವುದೇ. ಜನಕ್ಕೆ ಹೇಳಿ. ಈಗ ಜನ ಇಲ್ಲ ಎನ್ನುತ್ತೀರಿ. ಬರುವವರೆಗೆ ಕಾಯಿರಿ. ನಾನು ನಾಲ್ಕು ವರ್ಷ ಕಾದಿದ್ದೇನೆ, ನಿಮಗೂ ಅಷ್ಟು ಆಗುತ್ತದೆ. ಆ ದಿನ ನಾನು ಗೋಲಿನಲ್ಲಿ ನಿಂತಿರುತ್ತೇನೆ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಕಾಗದ ಬೇಡ.

ಅಮ್ಮನವರಿಗೆ ನಮಸ್ಕಾರ ತಿಳಿಸಿ.

ರಂಗನಾಥ್

•

ತುಮಕೂರು
೨೩ ನವೆಂಬರ್ ೨೦೨೧

ರಂಗನಾಥ,

ಕಾಗದ ಬೇಡವೆಂದು ನೀನು ಬರೆದಿದ್ದೆ, ಎಂಟು ತಿಂಗಳು ಬರೆಯಲಿಲ್ಲ. ಈಗ ಬರೆಯಲೇಬೇಕು.

ಎರಡನೇ ಅಲೆಯಲ್ಲಿ ಮೈಕ್ ಸೆಟ್ ರಂಗಣ್ಣ ಹೋದ. ನಾನೂ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಆಮ್ಲಜನಕದ ನಳಿಕೆ ಮೂಗಿಗಿಟ್ಟಾಗ ಒಂದೇ ಯೋಚನೆ, ಹೇಳದೆ ಸತ್ತರೆ ಬದುಕಿದೆ ಎಂದು. ನೋಡು, ಎಂಥ ಮನುಷ್ಯ ನಾನು. ಉಳಿದುಕೊಂಡ ಮೇಲೆ ಮೊದಲು ಬಂದದ್ದು ಸಂತೋಷವಲ್ಲ, ನಾಚಿಕೆ.

ಬರುವ ಭಾನುವಾರ, ೨೮ಕ್ಕೆ, ಸಿ ಡಿವಿಷನ್ನಿನ ಮೊದಲ ಮ್ಯಾಚು. ಜನರನ್ನು ಬಿಡುತ್ತಾರೆ. ಎರಡು ವರ್ಷದಿಂದ ಆಟ ನೋಡದೆ ಹಸಿದ ಜನ, ಅಂತರಸನಹಳ್ಳಿಯ ಮೂರು ಫ್ಯಾಕ್ಟರಿಗಳಿಂದ ಬರುತ್ತಾರಂತೆ. ಕುಣಿಗಲ್ಲಿನವರನ್ನೂ ನಾನೇ ಕರೆದಿದ್ದೇನೆ. ಅವತ್ತು ನಕ್ಕವರ ಮನೆಗೂ ಹೋಗಿ ಹೇಳಿ ಬಂದಿದ್ದೇನೆ. ರಂಗಣ್ಣನ ಮಗ ಮೈಕ್ ಹಾಕುತ್ತಾನೆ. ಕೌಸಲ್ಯ, ನಾನೂ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ ಎಂದಿದ್ದಾಳೆ. ಲೆಫ್ಟ್ ಬ್ಯಾಕ್ ರವಿಕಿರಣ್. ಗೋಲಿಯ ಜಾಗ ಖಾಲಿ ಬಿಟ್ಟಿದ್ದಾರೆ.

ಹೇಳಬೇಕಾದ್ದನ್ನು ಒಂಬತ್ತು ಸಲ ಬರೆದು ಹರಿದೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ನನಗೆ ನಾನೇ ನೆರಳು ಮಾಡಿಕೊಂಡಿರುತ್ತಿದ್ದೆ. ಹತ್ತನೆಯದು ಇದು. ನೀನು ಮೊದಲು ಓದು, ಒಂದು ಮಾತು ಹೆಚ್ಚಾಗಿದ್ದರೂ ಹೊಡೆದುಹಾಕು:

"ನನ್ನ ಹೆಸರು ಶ್ರೀಕಂಠಯ್ಯ. ಎರಡು ಸಾವಿರದ ಹದಿನಾರರ ಕುಣಿಗಲ್ ಫೈನಲ್ಲಿನಲ್ಲಿ ನಮ್ಮ ಗೋಲಿ ರಂಗನಾಥ ಕುಡಿದು ಬಂದಿದ್ದಾನೆ ಎಂದು ಮೊದಲು ಕೂಗಿದವನು ನಾನು. ಆ ಮಾತಿನ ಪಾಪವನ್ನು ಇಷ್ಟು ವರ್ಷ ಹೊತ್ತವನು ರವಿಕಿರಣ್. ಅವತ್ತು ರಂಗನಾಥ ಕುಡಿದಿರಲಿಲ್ಲ. ಕೂಗುವಾಗಲೂ ಅದು ನನಗೆ ಗೊತ್ತಿತ್ತು."

ಶ್ರೀಕಂಠಯ್ಯ